ಮೊದಲ ಶನಿವಾರದ ಮಾವ

ಬೀರಮ್ಮ ಹುಣಸೂರಿನ ನಮ್ಮ ಮಿಷನ್ ಕಾಲೇಜಿಗೆ ಬಂದದ್ದು ಸಾವಿರದ ಒಂಬೈನೂರ ಮೂವತ್ತಾರನೆಯ ಇಸವಿ ಜೂನ್ ತಿಂಗಳಲ್ಲಿ. ಹೆಗಲ ಮೇಲೊಂದು ಕರಿ ಕಂಬಳಿ, ಕಂಕುಳಲ್ಲಿ ಬಟ್ಟೆಗಂಟು, ಬೆನ್ನ ಹಿಂದೆ ಅವಳ ಸೋದರಮಾವ ನಂಜಯ್ಯ. ರಾವಂದೂರಿನ ಹತ್ತಿರದ ಹಳ್ಳಿಯಿಂದ ಬೆಳಕು ಹರಿಯುವ ಮೊದಲೇ ಹೊರಟು ನಡೆದು ಬಂದಿದ್ದರು. ಗೇಟಿನ ಹೊರಗೆ ನಿಂತು, ಒಳಗೆ ಹೋಗುವ ಮೊದಲು ಮೆಟ್ಟು ಬಿಡಬೇಕೋ ಬೇಡವೋ ಎಂದು ಇಬ್ಬರೂ ಜಗಳವಾಡುತ್ತಿದ್ದರು. ನಾನು ಹೋಗಿ, "ಇದು ಗುಡಿಯಲ್ಲ, ಹಾಗೇ ಬನ್ನಿ" ಎಂದು ಕರೆದುಕೊಂಡು ಬಂದೆ.

ನಾನು ಸುಗುಣ. ಕೃಷ್ಣರಾಜನಗರದ ಉಪದೇಶಿ ಸುವಾರ್ತಯ್ಯನವರ ಮಗಳು. ಉಪದೇಶಿ ಎಂದರೆ ಪಾದ್ರಿಗಳ ಕೈಕೆಳಗೆ ಹಳ್ಳಿ ಹಳ್ಳಿ ಸುತ್ತಿ ಕ್ರಿಸ್ತನ ವಿಷಯ ಹೇಳುವ ಕೆಲಸ. ಆ ಕೆಲಸ ಮಿಷನ್ನಿನವರು ಕೊಟ್ಟದ್ದು, ನಾವಿದ್ದ ಮನೆಯೂ ಅವರದ್ದೇ. ನಾನೂ ಬೀರಮ್ಮನ ತರಗತಿಯವಳೇ. ಆದರೆ ಕ್ರೈಸ್ತರ ಮನೆಯ ಹುಡುಗಿ, ಅದರಲ್ಲೂ ಉಪದೇಶಿಯ ಮಗಳು ಎಂದು ಬಂದ ವಾರವೇ ನನ್ನನ್ನು ಮಾನಿಟರ್ ಮಾಡಿಬಿಟ್ಟಿದ್ದರು. ನನಗೆ ಅದರ ಜಂಬ ಬೇರೆ ಇತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕಾಲೇಜು ಎಂದರೆ ದೊಡ್ಡದೇನಲ್ಲ. ಹಳ್ಳಿಯ ಹೆಣ್ಣುಮಕ್ಕಳ ಶಾಲೆಗಳಿಗೆ ಉಪಾಧ್ಯಾಯಿನಿಯರನ್ನು ತಯಾರು ಮಾಡುವ ಎರಡು ವರ್ಷದ ಟ್ರೈನಿಂಗು. ಹೆಂಚಿನ ಒಂದು ಉದ್ದ ಕಟ್ಟಡ, ಒಂದು ಬಾವಿ, ಇಪ್ಪತ್ತನಾಲ್ಕು ಹುಡುಗಿಯರು. ಕ್ರೈಸ್ತರು ಅರ್ಧ, ಹಿಂದೂಗಳು ಅರ್ಧ. ಎಲ್ಲಕ್ಕೂ ಮೇಲೆ ಹಾರ್ಗ್ರೀವ್ ಮಿಸ್ಸಮ್ಮ. ಇಂಗ್ಲಿಷರ ಸೀಮೆಯಿಂದ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಕನ್ನಡ ಚೆನ್ನಾಗಿ ಕಲಿತಿದ್ದರು, ಆದರೆ ಬೈಬಲ್ ಕನ್ನಡ. ಅವರು "ನೀನು ಬಾಗಿಲನ್ನು ಮುಚ್ಚತಕ್ಕದ್ದು" ಎಂದರೆ, ಮುಚ್ಚುವ ಬಾಗಿಲು ಸ್ವರ್ಗದ್ದೋ ಏನೋ ಅನ್ನಿಸುತ್ತಿತ್ತು.

ಊಟದ ಮನೆಯ ಗೋಡೆಗೆ ಹದಿನಾರು ನಿಯಮಗಳ ಹಲಗೆ ತೂಗುಹಾಕಿತ್ತು. ಸೇರಿದ ದಿನ ಪ್ರತಿಯೊಬ್ಬಳೂ ಅದನ್ನು ಗಟ್ಟಿಯಾಗಿ ಓದಿ ಪುಸ್ತಕದಲ್ಲಿ ರುಜು ಹಾಕಬೇಕು. ಎಲೆಅಡಿಕೆ ಕೂಡದು. ತಲೆಗೆ ಹೂವು ಕೂಡದು. ರಸ್ತೆಯ ಕಡೆಯ ಕಿಟಕಿಯ ಬಳಿ ನಿಲ್ಲಕೂಡದು. ಭಾನುವಾರ ಬಟ್ಟೆ ಒಗೆಯಕೂಡದು, ಹಾಡಿದರೆ ಕೀರ್ತನೆ ಮಾತ್ರ. ಊರಿಂದ ಬರುವ ಕಾಗದಗಳನ್ನು ಮಿಸ್ಸಮ್ಮ ಮೊದಲು ಒಡೆದು ಓದುತ್ತಾರೆ. ಪ್ರಾರ್ಥನೆಗೆ ಎಲ್ಲರೂ ಬರಬೇಕು, ಹಿಂದೂ ಹುಡುಗಿಯರು ಕೂಡ. ಕುಂಕುಮ ಇಟ್ಟುಕೊಳ್ಳಬಹುದು. "ನಿಮ್ಮ ಧರ್ಮಕ್ಕೆ ನಾವು ಕೈ ಹಾಕುವುದಿಲ್ಲ" ಎಂದು ಮಿಸ್ಸಮ್ಮ ಮೊದಲ ದಿನವೇ ಹೇಳಿದ್ದರು.

ಬೀರಮ್ಮನ ಬಾಳನ್ನು ತಿಂದದ್ದು ಇವು ಯಾವುವೂ ಅಲ್ಲ. ಆರನೆಯದು ಮತ್ತು ಹನ್ನೊಂದನೆಯದು.

ಆರನೆಯದು ಹೀಗಿತ್ತು: ವಿದ್ಯಾರ್ಥಿನಿಯನ್ನು ನೋಡಲು ಗಂಡಸರಲ್ಲಿ ತಂದೆ, ಒಡಹುಟ್ಟಿದ ಅಣ್ಣತಮ್ಮಂದಿರು, ತಂದೆಯ ಅಥವಾ ತಾಯಿಯ ಅಣ್ಣತಮ್ಮಂದಿರು, ಇವರು ಮಾತ್ರ ತಿಂಗಳ ಮೊದಲ ಶನಿವಾರ ಮೂರರಿಂದ ನಾಲ್ಕು ಗಂಟೆಯವರೆಗೆ ಬರಬಹುದು. ಹನ್ನೊಂದನೆಯದು: ಮದುವೆ ನಿಶ್ಚಯವಾದ ವಿದ್ಯಾರ್ಥಿನಿ ಆ ಸಂಗತಿಯನ್ನು ತಿಳಿಸತಕ್ಕದ್ದು, ಮತ್ತು ವರನನ್ನು ಆವರಣದೊಳಗೆ ಕಾಣತಕ್ಕದ್ದಲ್ಲ. ಬೇರೆ ಬೇರೆಯಾಗಿ ನೋಡಿದರೆ ಎರಡೂ ಸಾಧು ನಿಯಮಗಳೇ. ಎರಡೂ ಸೇರಿ ಒಬ್ಬನೇ ಮನುಷ್ಯನ ತಲೆಯ ಮೇಲೆ ಬೀಳುತ್ತವೆ ಎಂದು ಬರೆದವರಿಗೆ ಹೊಳೆದಿರಲಿಲ್ಲ. ಸೀಮೆಯಲ್ಲಿ ಸೋದರಮಾವಂದಿರು ಅಕ್ಕನ ಮಗಳನ್ನು ಮದುವೆಯಾಗುವುದಿಲ್ಲವಲ್ಲ.

ನಮ್ಮ ಕಡೆ ಆಗುತ್ತಾರೆ. ಅದು ಹಕ್ಕು. ಬೀರಮ್ಮ ಹುಟ್ಟಿದ ದಿನವೇ ಅವಳ ಅವ್ವ ಭದ್ರಮ್ಮ, ಒಂಬತ್ತು ವರ್ಷದ ತಮ್ಮನ ತೊಡೆಯ ಮೇಲೆ ಮಗುವನ್ನು ಇಟ್ಟು "ತಕ್ಕೊಳ್ಲಾ, ನಿನ್ನೆಂಡ್ತಿ" ಎಂದಿದ್ದಳಂತೆ. ಬೀರಮ್ಮ ಮೈನೆರೆದಾಗ ಸೊಪ್ಪು ತಂದು ಗುಡ್ಲು ಹಾಕಿದವನು ನಂಜಯ್ಯ. ಅಪ್ಪ ಕರಿಯಯ್ಯ ಚಳಿಜ್ವರದಲ್ಲಿ ಹೋದ ಮೇಲೆ, ಅಕ್ಕ ಮತ್ತು ಮೂವರು ಹೆಣ್ಣುಮಕ್ಕಳ ಹೊಟ್ಟೆ ನೋಡಿದವನೂ ಅವನೇ. ಕುರುಬರ ಮನೆ, ಕಂಬಳಿ ನೇಯ್ಗೆ. ಹುಡುಗಿ ಬುದ್ಧಿವಂತೆ, ಓದಿಸಿ ಎಂದು ಸ್ಕೂಲಿನ ಮೇಷ್ಟ್ರು ಹೇಳಿದಾಗ ಊರಿನವರೆಲ್ಲ ನಕ್ಕರಂತೆ. ನಂಜಯ್ಯ ಮಾತ್ರ, "ಕಟ್ಕೊಳ್ಳೋನು ನಾನು ತಾನೆ? ನಾ ಓದುಸ್ತೀನಿ. ನಿಮಗ್ಯಾಕೆ ಒಟ್ಟೆ ಉರಿ?" ಎಂದು ಬಾಯಿ ಮುಚ್ಚಿಸಿದನಂತೆ. ಅವನಿಗೆ ಅಕ್ಷರ ಬರುತ್ತಿರಲಿಲ್ಲ.

ಮೊದಲ ಶನಿವಾರ ಬಂತೆಂದರೆ ಹುಣಸೂರು ಪೇಟೆಯ ಇಮಾಮ್ ಸಾಬರ ಅಂಗಡಿಗೆ ಕಂಬಳಿ ಹಾಕಿ ನೇರವಾಗಿ ಗೇಟಿಗೆ ಬರುತ್ತಿದ್ದ. ಭೇಟಿಯ ಪುಸ್ತಕ ಬರೆಯುವುದು ಮಾನಿಟರ್ ಕೆಲಸ, ಅಂದರೆ ನನ್ನದು. "ಬೀರಮ್ಮ: ತಾಯಿಯ ತಮ್ಮ ನಂಜಯ್ಯ" ಎಂದು ಬರೆಯುತ್ತಿದ್ದೆ. ಹೊಂಗೆ ಮರದ ಕೆಳಗೆ ಬೆಂಚಿತ್ತು. ಅವನು ಅದರ ಮೇಲೆ ಒಮ್ಮೆಯೂ ಕೂರಲಿಲ್ಲ. ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಹುರಿಗಾಳಿನ ಗಂಟು ಬಿಚ್ಚಿಟ್ಟು, "ಊಂ, ಓದವ್ವ" ಎನ್ನುತ್ತಿದ್ದ. ಬೀರಮ್ಮ ಪಾಠದ ಪುಸ್ತಕವನ್ನು ಗಟ್ಟಿಯಾಗಿ ಓದಬೇಕು, ಅವನು ಕೇಳಬೇಕು. ಭೂಗೋಳ, ಆರೋಗ್ಯಶಾಸ್ತ್ರ, ಮಕ್ಕಳಿಗೆ ಭಿನ್ನರಾಶಿ ಕಲಿಸುವ ಕ್ರಮ, ಏನಾದರೂ ಸರಿ. ನಾಲ್ಕು ಗಂಟೆಯ ಬೆಲ್ಲು ಹೊಡೆದರೆ ಎದ್ದು ಪಂಚೆ ಕೊಡವಿ ನನ್ನ ಕಡೆ ತಿರುಗಿ, "ಏನವ್ವ ಸುಗ್ಣಮ್ಮ, ನಮ್ಮ ಕೂಸು ಪಾಸಾಯ್ತದಾ?" ಎಂದು ಕೇಳುತ್ತಿದ್ದ. ಪ್ರತಿ ಸಲವೂ ಇದೇ ಪ್ರಶ್ನೆ.

ಹುಡುಗಿಯರಾದ ನಾವು ಅವಳನ್ನು ಮಾವನ ಹೆಸರೆತ್ತಿ ಕಾಡದ ದಿನವಿಲ್ಲ. ಒಮ್ಮೆ ನಾನೇ, "ಹನ್ನೊಂದನೆ ನಿಯಮ ಓದಿದ್ದೀಯೇನೇ? ವರನನ್ನ ನೋಡಬಾರದಂತೆ" ಎಂದು ಕೆಣಕಿದೆ. ಅವಳು ನಾನು ದಡ್ಡಿಯೆಂಬಂತೆ ನನ್ನನ್ನು ನೋಡಿದಳು. "ಅದು ಹೊರಗಿನ ಗಂಡಿಗೆ ಕಣಮ್ಮಿ. ಮಾವ ಹೊರಗಿನೋನಾ?" ಎಂದಳು. ನನಗೂ ಸರಿ ಅನ್ನಿಸಿತು. ನಾನೂ ಈ ಮಣ್ಣಿನವಳೇ ತಾನೆ.

ಅವಳಿಗೆ ಮಾವ ಎಷ್ಟು ಬೇಕಾಗಿದ್ದನೋ ಮೇಷ್ಟ್ರ ಕೆಲಸವೂ ಅಷ್ಟೇ ಬೇಕಾಗಿತ್ತು. ರಾವಂದೂರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆಯಲು ಸರ್ಕಾರ ಒಪ್ಪಿತ್ತು, ಆದರೆ ಟ್ರೈನಿಂಗ್ ಆದ ಉಪಾಧ್ಯಾಯಿನಿ ಸಿಕ್ಕಿದರೆ ಮಾತ್ರ. ಆ ಸುತ್ತಿನಲ್ಲಿ ಅಂಥವಳು ಒಬ್ಬಳೂ ಇರಲಿಲ್ಲ. ಬೀರಮ್ಮ ಬಾವಿಕಟ್ಟೆಯ ಮೇಲೆ ಕೂತು, ಎದುರಿಗೆ ಮಕ್ಕಳಿದ್ದಾರೆ ಎಂದುಕೊಂಡು ಬಿಂದಿಗೆಗಳಿಗೆ ಪಾಠ ಹೇಳುತ್ತಿದ್ದಳು. ಬಿಂದಿಗೆಗಳಿಗೆ ಹೆಸರು ಬೇರೆ ಇಟ್ಟಿದ್ದಳು, ಅವಳ ಇಬ್ಬರು ತಂಗಿಯರದ್ದೇ.

ಕೆಲಸ ಸಿಗಬೇಕಾದರೆ ಪರೀಕ್ಷೆ ಪಾಸಾದರೆ ಸಾಲದು. ಕಾಲೇಜಿನಿಂದ ನಡತೆಯ ಪತ್ರ ಬೇಕು. ಮಿಸ್ಸಮ್ಮ ತಮ್ಮ ಕೈಯಾರೆ ಬರೆದು ರುಜು ಹಾಕಿದ ಹಾಳೆ. ಅದಿಲ್ಲದೆ ಇಲಾಖೆಯವರು ಅರ್ಜಿಯನ್ನು ಮುಟ್ಟಿಯೂ ನೋಡುವುದಿಲ್ಲ ಎಂದು ಎರಡು ವರ್ಷ ನಮ್ಮ ಕಿವಿ ತೂತು ಬೀಳುವ ಹಾಗೆ ಹೇಳಿದ್ದರು. ನಾವು ನಂಬಿದ್ದೆವು.

ಮೂವತ್ತೆಂಟನೆಯ ಇಸವಿ ಮಾರ್ಚಿನಲ್ಲಿ ಪರೀಕ್ಷೆ ಮುಗಿಯಿತು, ಪಾಠ ಹೇಳುವ ಅಭ್ಯಾಸಕ್ಕೆಂದು ಇನ್ನೂ ಕೆಲವು ವಾರ ನಾವು ಅಲ್ಲೇ ಇದ್ದೆವು. ಬೀರಮ್ಮ ಚೆನ್ನಾಗಿ ಬರೆದಿದ್ದಳು. ಊರಿನಲ್ಲಿ ಏಪ್ರಿಲ್ ಕೊನೆಗೆ ಲಗ್ನ ಇಟ್ಟಿದ್ದರು. ಮದುವೆಗೆ ಮೊದಲು ಗುರುವಿಗೆ ವೀಳ್ಯ ಕೊಟ್ಟು ಕರೆಯಬೇಕು, ಆಮೇಲೆ ಉಳಿದವರನ್ನು ಕರೆಯಬೇಕು. ಇದು ಅವರ ಮನೆಯ ಪದ್ಧತಿ. ಬೀರಮ್ಮನ ಗುರು ಮಿಸ್ಸಮ್ಮ. ಅಂದ ಮೇಲೆ ಮೊದಲ ಕರೆಯೋಲೆ ಮಿಸ್ಸಮ್ಮನಿಗೇ ತಾನೆ? ಅವಳು ಬಂದು ಕೇಳಿದಾಗ ನಾನೇ, "ಕರಿಯೇ, ಖುಷಿಪಡ್ತಾರೆ" ಎಂದೆ. ನಮ್ಮ ಕ್ರೈಸ್ತ ಸಭೆಯಲ್ಲಿ ಸೋದರಮಾವನನ್ನು ಮದುವೆಯಾಗುವುದಕ್ಕೆ ನಿಷೇಧವಿದೆ ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಹಿಂದೂಗಳ ಮದುವೆ ಹಿಂದೂಗಳಿಗೆ, ಕೈ ಹಾಕುವುದಿಲ್ಲ ಎಂದು ಅವರೇ ಹೇಳಿದ್ದಾರಲ್ಲ ಎಂದು ನನ್ನ ಲೆಕ್ಕ.

ಏಪ್ರಿಲ್ ತಿಂಗಳ ಮೊದಲ ಶನಿವಾರ ನಂಜಯ್ಯ ಹೊಸ ಪಂಚೆ ಉಟ್ಟು, ಕೆಂಪು ಅಂಚಿನ ರುಮಾಲು ಸುತ್ತಿ ಬಂದ. ಹಿತ್ತಾಳೆ ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ಅರಿಸಿನ ಕುಂಕುಮ. ನಾನು ಇಬ್ಬರನ್ನೂ ಆಫೀಸಿನ ಕೋಣೆಗೆ ಕರೆದುಕೊಂಡು ಹೋದೆ. ಮಿಸ್ಸಮ್ಮ ಎದ್ದು ನಿಂತು ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡರು. ಅವರ ಬಿಳಿ ಮುಖ ಕೆಂಪಾಗುವಷ್ಟು ಸಂತೋಷಪಟ್ಟರು, ಸುಳ್ಳು ಯಾಕೆ ಹೇಳಲಿ.

"ಬಹಳ ಸಂತೋಷ, ಬೀರಮ್ಮ. ವರನು ಯಾರು?" ಎಂದರು.

ಬೀರಮ್ಮ ತಲೆ ತಗ್ಗಿಸಿದಳು. ನಂಜಯ್ಯ ಮೂವತ್ತೆರಡು ಹಲ್ಲೂ ಬಿಟ್ಟು, "ನಾನೇ ಕಣ್ರಮ್ಮ!" ಎಂದ.

ಮಿಸ್ಸಮ್ಮ ತಮಾಷೆ ಎಂದುಕೊಂಡು ನನ್ನ ಮುಖ ನೋಡಿದರು. ನಾನು ನಗಲಿಲ್ಲ. "ನೀನು ಇವಳ ತಾಯಿಯ ತಮ್ಮನಲ್ಲವೇ?" ಎಂದು ಕೇಳಿದರು.

"ಊಂ ಕಣ್ರಮ್ಮ, ಒಡುಟ್ಟಿದ ತಮ್ಮ. ಅದ್ಕೇ ಮತ್ತೆ!"

ಅವನಿಗೆ ಅದು ಮದುವೆಗೆ ಕಾರಣ. ಅವರಿಗೆ ಅದೇ ಕೇಳಬಾರದ ಮಾತು. ಮಿಸ್ಸಮ್ಮ ತಟ್ಟೆಯನ್ನು ಮೇಜಿನ ಮೇಲೆ ಇಟ್ಟು, ಕೈಯನ್ನು ಲಂಗಕ್ಕೆ ಒರೆಸಿಕೊಂಡರು. ಒರೆಸಿಕೊಂಡದ್ದು ಅವರಿಗೇ ಗೊತ್ತಾಗಿರಲಿಕ್ಕಿಲ್ಲ. ಬೀರಮ್ಮ ಮಾತ್ರ ನೋಡಿದಳು. "ನೀವು ಈಗ ಹೋಗಬಹುದು" ಎಂದು ನಂಜಯ್ಯನಿಗೆ ಹೇಳಿದರು. ಅವನು ದೊಡ್ಡವರಿಗೆ ಕೆಲಸವಿರುತ್ತದೆ ಎಂದುಕೊಂಡು, "ತಪ್ಪದೆ ಬರ್ಬೇಕು ಕಣ್ರಮ್ಮ, ಗಾಡಿ ಕಳುಸ್ತೀವಿ" ಎಂದು ಎರಡು ಸಲ ಕೈ ಮುಗಿದು ಹೋದ.

ಸೋಮವಾರ ವಿಚಾರಣೆ ನಡೆಯಿತು. ಮೇಜಿನ ಮೇಲೆ ಭೇಟಿಯ ಪುಸ್ತಕ ತೆರೆದಿತ್ತು. ಹದಿನೆಂಟು ಶನಿವಾರಗಳ ಮುಂದೆ ಮಿಸ್ಸಮ್ಮ ಪೆನ್ಸಿಲಿನಿಂದ ಗುರುತು ಹಾಕಿದ್ದರು. ಹದಿನೆಂಟೂ ನನ್ನ ಕೈಬರಹ. ಬೀರಮ್ಮ ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದಳು, ಪಾಠ ಒಪ್ಪಿಸುವವಳ ಹಾಗೆ.

"ನಿನ್ನ ಮೇಲೆ ಎರಡು ತಪ್ಪುಗಳಿವೆ" ಎಂದರು ಮಿಸ್ಸಮ್ಮ. "ವರನನ್ನು ಬರೀ ತಾಯಿಯ ತಮ್ಮನೆಂಬ ಹಾಗೆ ತೋರಿಸಿ ಎರಡು ವರ್ಷ ಇಲ್ಲಿ ಸಂಧಿಸಿದ್ದೀ. ಅದು ವಂಚನೆ. ತಾಯಿಯ ಒಡಹುಟ್ಟಿದವನನ್ನು ಮದುವೆಯಾಗುವುದು ಅದಕ್ಕಿಂತ ದೊಡ್ಡ ತಪ್ಪು. ಅದಕ್ಕೆ ನನ್ನ ಬಾಯಲ್ಲಿ ಹೆಸರಿಲ್ಲ."

"ಮುಚ್ಚಿಡ್ನಿಲ್ಲ ಅಮ್ಮ" ಎಂದಳು ಬೀರಮ್ಮ. "ಕೇಳಿದ್ರೆ ಯಾವತ್ತಾದ್ರೂ ಹೇಳ್ತಿದ್ದೆ. ಯಾರೂ ಕೇಳ್ನಿಲ್ಲ. ಮುಚ್ಚಿಡೋ ಅಂಗಿದ್ರೆ ತಟ್ಟೆ ತಕ್ಕೊಂಡು ನಿಮ್ಮತ್ರ ಯಾಕೆ ಬತ್ತಿದ್ದೆ?"

ಮಿಸ್ಸಮ್ಮ ಕೈಯಲ್ಲಿದ್ದ ಪೆನ್ಸಿಲನ್ನು ಕೆಳಗಿಟ್ಟರು. ಅವರಿಗೂ ತಟ್ಟಿತು ಎಂದು ನನಗೆ ಈಗಲೂ ನಂಬಿಕೆ. ನನ್ನ ಕಡೆ ತಿರುಗಿದರು.

"ಸುಗುಣ, ನೀನು ಈ ದೇಶದವಳು, ಕ್ರೈಸ್ತರ ಮನೆಯವಳು. ನಿನ್ನ ಮಾತನ್ನು ನಂಬುತ್ತೇನೆ. ಇಂಥ ಮದುವೆ ಇಲ್ಲಿನ ಮರ್ಯಾದಸ್ಥರಲ್ಲಿ ಉಂಟೋ? ನಿನಗೆ ಗೊತ್ತಿರುವ ಒಂದೇ ಒಂದು ಮನೆ ಇದ್ದರೆ ಹೇಳು. ಇವಳು ವಂಚಿಸಲಿಲ್ಲ, ಪದ್ಧತಿಯಂತೆ ನಡೆದಳು ಎಂದು ತಿಳಿದುಕೊಳ್ಳುತ್ತೇನೆ."

ಒಂದು ಮನೆ! ನನ್ನ ಅಪ್ಪ ಸುವಾರ್ತಯ್ಯ ನನ್ನ ಅಮ್ಮನಿಗೆ ಸೋದರಮಾವ. ದೀಕ್ಷಾಸ್ನಾನಕ್ಕೆ ಮೊದಲೇ ಮದುವೆಯಾಗಿತ್ತು. ಆಗಿನ ಪಾದ್ರಿಗಳು ಗೊತ್ತಿದ್ದೂ ಕಣ್ಣು ಮುಚ್ಚಿಕೊಂಡಿದ್ದರು. ಅವರು ಸೀಮೆಗೆ ಹೋದ ಮೇಲೆ ಬಂದವರಿಗೆ ಅಪ್ಪ, ದೂರದ ಸಂಬಂಧ ಎಂದು ಹೇಳಿಬಿಟ್ಟಿದ್ದ. ಈಗ ಬಾಯಿ ಬಿಟ್ಟರೆ ಅಪ್ಪನ ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ, ಸಭೆಯ ಮುಂದೆ ಅಮ್ಮ ತಲೆ ತಗ್ಗಿಸಬೇಕು.

"ಗೊತ್ತಿಲ್ಲ ಅಮ್ಮ" ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಹೆದರಿದವಳ ಬಾಯಿಗೆ ಕಡಿವಾಣ ಇರುವುದಿಲ್ಲ. "ತಿಳಿಯದ ಜನ ಎಲ್ಲೋ ಮಾಡುತ್ತಾರೆ ಎಂದು ಕೇಳಿದ್ದೇನೆ" ಎಂದು ಸೇರಿಸಿದೆ.

ಬೀರಮ್ಮ ನನ್ನ ಕಡೆ ನೋಡಲಿಲ್ಲ.

ಮಿಸ್ಸಮ್ಮ ನಿಟ್ಟುಸಿರು ಬಿಟ್ಟು ತೀರ್ಮಾನ ಹೇಳಿದರು. ಮದುವೆ ನಿಲ್ಲಬೇಕು. ಬರೀ ಮಾತಿನಲ್ಲಿ ನಿಂತರೆ ಸಾಲದು, ನಿಂತಿದೆ ಎಂದು ಅವರಿಗೆ ಖಾತರಿಯಾಗಬೇಕು. ಆಗ ನಡತೆಯ ಪತ್ರ ಕೊಡುತ್ತಾರೆ. ಇಲ್ಲವಾದರೆ ಇಲ್ಲ. ಅಲ್ಲಿಯವರೆಗೆ ನಂಜಯ್ಯ ಗೇಟಿನೊಳಗೆ ಬರಕೂಡದು. "ನಿನ್ನನ್ನು ಒಂದು ಕೆಡುಕಿನಿಂದ ಪಾರುಮಾಡುತ್ತಿದ್ದೇನೆ, ಮಗಳೇ" ಎಂದು ಬೀರಮ್ಮನ ತಲೆಯ ಮೇಲೆ ಕೈ ಇಟ್ಟರು. ಆ ಹೆಂಗಸು ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು.

ಮಾರನೆಯ ಬೆಳಿಗ್ಗೆ ಬೀರಮ್ಮ ಒಗೆಯುವ ಕಲ್ಲಿನ ಹತ್ತಿರ ಒಬ್ಬಳೇ ಇದ್ದಳು. ಕ್ಷಮೆ ಕೇಳಬೇಕೆಂದು ಹೋದೆ. ಕೇಳುವ ಬದಲು ಅಳುತ್ತ ಅವಳ ಬಕೆಟ್ಟಿಗೆ ನೀರು ಸೇದಿ ಹಾಕಿದೆ. ಅವಳೇ ಮಾತೆತ್ತಿದಳು.

"ಅಳ್ಬ್ಯಾಡ ಬುಡಮ್ಮಿ. ನೀ ಏಳಿದ್ರೆ ನಿಮ್ಮಪ್ಪಾರ ಕೆಲ್ಸ ಓಗ್ತಿತ್ತು."

"ನಿನಗೆ ಹೇಗೆ ಗೊತ್ತೇ?" ಎಂದೆ.

"ಓದೊರ್ಷ ನಿಮ್ಮಜ್ಜಿನ ಕರ್ಕೊಂಡು ನಿಮ್ಮಪ್ಪಾರೂ ಅಮ್ಮಾರೂ ನಿನ್ನ ನೋಡಕ್ಕೆ ಬಂದಿರ್ನಿಲ್ವಾ? ನಿಮ್ಮಪ್ಪಾರು ಆಯಮ್ಮನ್ನ ಅವ್ವ ಅಂದ್ರು. ನಿಮ್ಮಮ್ಮಾರು ಅದೇ ಆಯಮ್ಮನ್ನ ಅಜ್ಜಿ ಅಂದ್ರು. ಇನ್ನೇನ್ ಬೇಕು ತಿಳ್ಕೊಳ್ಳಕ್ಕೆ?" ಸೀರೆಯನ್ನು ಕಲ್ಲಿಗೆ ಬಡಿದಳು. "ನೆನ್ನೆ ಬಾಯಿಗೆ ಬಂದಿತ್ತು. ನುಂಗ್ಕೊಂಡೆ."

ನನ್ನ ಸುಳ್ಳನ್ನು ಅವಳು ಒಂದೇ ಮಾತಿನಲ್ಲಿ ಒಡೆಯಬಹುದಿತ್ತು. ತನ್ನ ಬಾಳು ಹೋಗುತ್ತಿದ್ದರೂ ನನ್ನಪ್ಪನ ಕೆಲಸ ಉಳಿಸಿದ್ದಳು. ನಾನಾಗಿದ್ದರೆ ಉಳಿಸುತ್ತಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು.

"ನೀನು ಏನು ಮಾಡ್ತೀಯೆ?" ಎಂದು ಕೇಳಿದೆ.

"ಗೊತ್ತಿಲ್ಲ ಕಣಮ್ಮಿ. ಕಾಗ್ದ ಬ್ಯಾಡ ಅಂತ ಎದ್ದೋದ್ರೆ ನಮ್ಮೂರಿಗೆ ಸ್ಕೂಲಿಲ್ಲ. ಎಲ್ಡೊರ್ಷ ಮಾವ ನಡೆದಿದ್ದು ನೀರಲ್ಲಿ ಓಮ ಮಾಡ್ದಂಗೆ. ಮಾವನ್ನ ಬುಟ್ಟು ಕಾಗ್ದ ತಕ್ಕೊಂಡ್ರೆ," ಎಂದು ಅಲ್ಲಿಗೆ ನಿಲ್ಲಿಸಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅವತ್ತು ಮಾತ್ರ.

ಗುರುವಾರ ನಂಜಯ್ಯ ಬಂದ. ಮಿಸ್ಸಮ್ಮನಿಗೆ ಗಾಡಿ ಯಾವತ್ತು ಕಳಿಸಲಿ ಎಂದು ಕೇಳಲು ಬಂದಿದ್ದ. ಒಳಗೆ ಬಿಡುವ ಹಾಗಿಲ್ಲ. ಬೀರಮ್ಮ ಗೇಟಿನ ಹತ್ತಿರ ಬರುವ ಹಾಗಿಲ್ಲ. ಕೊನೆಗೆ ಹೇಳಬೇಕಾದವಳು ನಾನೇ ಆದೆ. ಕಂಬಿಯ ಈಚೆ ನಿಂತು ಎಲ್ಲ ಹೇಳಿದೆ, ನನ್ನ ಸುಳ್ಳೊಂದನ್ನು ಬಿಟ್ಟು. ಅವನು ನೆಲದ ಮೇಲೆ ಕುಕ್ಕರಿಸಿ ಕೇಳಿದ, ಭೂಗೋಳದ ಪಾಠ ಕೇಳುತ್ತಿದ್ದ ಹಾಗೆಯೇ. ಮಧ್ಯೆ ಒಮ್ಮೆ, "ಅಕ್ಕನ ಮಗ್ಳನ್ನ ಕಟ್ಕೊಳ್ದೆ ಇನ್ಯಾರನ್ನ ಕಟ್ಕೊಂಡಾರು?" ಎಂದು ತನ್ನಷ್ಟಕ್ಕೆ ಗೊಣಗಿದ.

"ಆ ಕಾಗ್ದ ಇಲ್ದೆ ಕೂಸು ಮೇಷ್ಟ್ರಾಗಾಕಿಲ್ವಾ?" ಎಂದು ಕೇಳಿದ.

"ಆಗಲ್ಲ ಮಾವ" ಎಂದೆ.

"ಬ್ಯಾರೆ ಯಾರೂ ಕೊಡಾಕಿಲ್ವಾ ಕಾಗ್ದವ?"

"ಇಲ್ಲ ಮಾವ."

ತುಂಬಾ ಹೊತ್ತು ರುಮಾಲಿನ ತುದಿಯನ್ನು ಹೊಸೆಯುತ್ತ ಕೂತಿದ್ದ. "ಅಂಗಾರೆ ಬುಡವ್ವ" ಎಂದು ಎದ್ದು ನಿಂತ. ಮಿಸ್ಸಮ್ಮ ವರಾಂಡದಲ್ಲಿದ್ದರು. ಗೇಟಿನ ಹೊರಗಿನಿಂದಲೇ ಕೂಗಿ ಹೇಳಿದ: "ಅಮ್ಮಾ, ಮದ್ವೆ ಇಲ್ಲ ಕಣ್ರಮ್ಮಾ. ನಾನು ಬುಟ್ಟೆ. ನೀವು ಬರ್ದು ಕೊಡಿ!" ರಸ್ತೆಯಲ್ಲಿ ಹೋಗುವವರೆಲ್ಲ ತಿರುಗಿ ನೋಡಿದರು. ಮಿಸ್ಸಮ್ಮ ಇಳಿದು ಬಂದು ಕಣ್ಣು ಒರೆಸಿಕೊಳ್ಳುತ್ತ, "ನೀನು ಒಳ್ಳೆಯ ಮನುಷ್ಯನು" ಎಂದರು. ಅವನು ಕೈ ಮುಗಿದು ಊರಿನ ದಾರಿ ಹಿಡಿದ.

ಬೀರಮ್ಮನಿಗೆ ಹೇಳಿದಾಗ ಅವಳಿಗೆ ಬಂದದ್ದು ದುಃಖವಲ್ಲ, ಕೋಪ. "ನನ್ನ ಕೇಳ್ದೆ ನನ್ನ ಬುಟ್ಟುಬುಟ್ನಾ? ಮಿಸ್ಸಮ್ಮನೂ ಕೇಳ್ನಿಲ್ಲ, ಮಾವನೂ ಕೇಳ್ನಿಲ್ಲ. ನಾನೇನು ಕಂಬಳಿಯಾ?" ಎಂದು ಗೋಡೆಯ ಹಲಗೆಯ ಮುಂದೆ ನಿಂತು ಕೂಗಿದಳು. ಆಗ ಎರಡನೆಯ ನಿಯಮ ಮುರಿಯಿತು: ಊಟದ ಮನೆಯಲ್ಲಿ ಎತ್ತರದ ದನಿಯಲ್ಲಿ ಮಾತಾಡಕೂಡದು. ನಾನು ಬರೆದುಕೊಳ್ಳಲಿಲ್ಲ. ಮಾನಿಟರಾಗಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಇಟ್ಟ ಲಗ್ನ ತಪ್ಪಬಾರದು ಎಂದು ಅವರಲ್ಲಿ ಇನ್ನೊಂದು ಕಟ್ಟಳೆ. ಗಂಡಿನ ಮನೆಯ ಮುಂದೆ ಚಪ್ಪರದ ಕಂಬ ನೆಟ್ಟಾದ ಮೇಲೆ ಆ ಮುಹೂರ್ತದಲ್ಲಿ ಅವನಿಗೆ ಮದುವೆ ಆಗಲೇಬೇಕು. ಆಗದಿದ್ದರೆ ಕುಲಕ್ಕೆ ಕೇಡು ಎಂದು ಹಿರಿಯರು ಹಟ ಹಿಡಿದರು. ಹೆಗ್ಗಡದೇವನಕೋಟೆಯ ಕಡೆಯಿಂದ ಮಲ್ಲಾಜಮ್ಮ ಎಂಬ ಹುಡುಗಿಯನ್ನು ಒಂದು ವಾರದಲ್ಲಿ ನೋಡಿ ಒಪ್ಪಿ ತಂದರು. ಅದೇ ದಿನ, ಅದೇ ಚಪ್ಪರ, ಬೀರಮ್ಮನಿಗೆಂದು ತಂದಿದ್ದ ಸೀರೆ. ಮಾವನ ಮದುವೆಯಲ್ಲಿ ಅಕ್ಕನ ಮಗಳು ಕಳಸ ಹಿಡಿಯಬೇಕು, ಬೀರಮ್ಮ ಹಿಡಿದಳು. ಕೈ ನಡುಗಲಿಲ್ಲ ಕಣಮ್ಮಿ ಎಂದು ಆಮೇಲೆ ನನಗೆ ಹೇಳಿದಳು, ಅದೊಂದು ಹೆಚ್ಚುಗಾರಿಕೆಯೆಂಬಂತೆ.

ಅವಳು ಆಮೇಲೆ ಯಾರನ್ನೂ ಮದುವೆಯಾಗಲಿಲ್ಲ. ಅದನ್ನು ಈಗಲೇ ಹೇಳಿಬಿಡುತ್ತೇನೆ. ಕೊನೆಗೆ ಇಟ್ಟುಕೊಂಡು ಅಳುವುದು ನನಗೆ ಬೇಡ.

ನಂಜಯ್ಯನಿಗೆ ಬೇರೆ ಮದುವೆ ಆಯಿತೆಂದು ಖಾತರಿಯಾದ ಮೇಲೆ, ಮೇ ತಿಂಗಳಲ್ಲಿ, ಮಿಸ್ಸಮ್ಮ ನಡತೆಯ ಪತ್ರ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ನಾನು ಬೀರಮ್ಮನಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಕಷ್ಟಪಟ್ಟು ದುಡಿಯುವವಳು, ಪಾಠ ಹೇಳುವುದರಲ್ಲಿ ಜಾಣೆ. ಮುಂದಿನ ಸಾಲನ್ನು ಎರಡು ಸಲ ಓದಿಕೊಂಡು ಹೇಳಿದೆ. ಈಕೆ ತನ್ನ ತಾಯಿಯ ಒಡಹುಟ್ಟಿದವನೊಡನೆ ಮದುವೆ ನಿಶ್ಚಯಿಸಿಕೊಂಡು ಅವನನ್ನು ಇಲ್ಲಿ ಕಾಣುತ್ತಿದ್ದಳು. ಅದರಿಂದ ನಡತೆ ಸಾಧಾರಣ. ಕೊನೆಯ ಸಾಲು: ತಿಳಿಹೇಳಿದ ಮೇಲೆ ತಿದ್ದಿಕೊಂಡಿದ್ದಾಳೆ.

ನಾನು ಆಫೀಸಿಗೆ ಓಡಿದೆ. "ಅಮ್ಮ, ಅದನ್ನು ಬರೆಯಲೇಬೇಕೇ? ಮದುವೆ ಬಿಟ್ಟಳಲ್ಲ. ಇದನ್ನು ನೋಡಿದರೆ ಕೆಲಸ ಯಾರು ಕೊಡುತ್ತಾರೆ?" ಎಂದು ಬೇಡಿಕೊಂಡೆ.

"ನಡೆದದ್ದನ್ನು ಬಿಟ್ಟು ಬರೆದರೆ ಅದು ಸುಳ್ಳಾಗುವುದಿಲ್ಲವೇ, ಸುಗುಣ? ನೀನೇ ಹೇಳು" ಎಂದರು. ಸುಳ್ಳಿನ ವಿಷಯದಲ್ಲಿ ನಾನು ಏನು ಹೇಳಲಿ? ಹೊರಗೆ ಬಂದೆ.

ಇನ್ನು ನೇಮಕ ಮಾಡುವ ಮೈಸೂರಿನ ಶಾಲಾ ಇನ್‌ಸ್ಪೆಕ್ಟರರ ಮನೆಗೆ ಹೋಗಿ ಕಾಲು ಹಿಡಿಯುವುದೊಂದೇ ದಾರಿ. ಬೀರಮ್ಮ ಒಬ್ಬಳೇ ಹೋಗುತ್ತೇನೆಂದಳು, ನಾನು ಬಿಡಲಿಲ್ಲ. ಬಸ್ಸು ಬಿಳಿಕೆರೆ ದಾಟಿತು. ಆಮೇಲೆ ಅವಳು, "ಆ ಸಾಲು ಓದ್ದೇಟಿಗೆ ಆಚೆಗೆ ನಡಿ ಅಂದ್ರೆ ಏನ್ ಮಾಡೋದು? ಮಾವನಿಗೆ ಏನಂತ ಏಳ್ಳಿ?" ಎಂದಳು.

ಇನ್‌ಸ್ಪೆಕ್ಟರ್ ಗೋವಿಂದಯ್ಯನವರು ನಡುವಯಸ್ಸಿನ ಬ್ರಾಹ್ಮಣರು. ಮನೆಯ ಮುಂದಿನ ಕೋಣೆಯೇ ಕಚೇರಿ. ನಮ್ಮನ್ನು ಜಗುಲಿಯ ಮೇಲೆ ಕೂರಲು ಹೇಳಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾಗದಗಳನ್ನು ನೋಡಿದರು. ಬೀರಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಹಿಡಿದುಕೊಂಡಿದ್ದಳು. ಅಂಕಪಟ್ಟಿ ನೋಡಿ ತಲೆಯಾಡಿಸಿದರು. ನಡತೆಯ ಪತ್ರ ತೆಗೆದರು. ಅರ್ಧ ಓದಿ ಕನ್ನಡಕ ಏರಿಸಿಕೊಂಡು ಅದೇ ಸಾಲನ್ನು ಮತ್ತೆ ಓದಿದರು. ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು.

"ಯಶೋದಾ! ಬಾ ಇಲ್ಲಿ!" ಎಂದು ಒಳಗೆ ಕೂಗಿದರು. ಹೆಂಡತಿ ಯಶೋದಮ್ಮ ಕೈ ಒರೆಸಿಕೊಳ್ಳುತ್ತ ಬಂದರು. "ನೋಡು, ಸೋದರಮಾವನ್ನ ಮದುವೆ ಮಾಡಿಕೊಂಡರೆ ನಡತೆ ಸಾಧಾರಣವಂತೆ! ಇಪ್ಪತ್ತು ವರ್ಷದಿಂದ ನಿನ್ನ ನಡತೆಯೂ ಸಾಧಾರಣವೇ ಹಾಗಾದರೆ!"

"ಸಾಕು ಸುಮ್ಮನಿರಿ, ಹುಡುಗಿಯರ ಮುಂದೆ" ಎಂದು ಯಶೋದಮ್ಮ ನಾಚಿಕೊಂಡು, ನಮ್ಮ ಕಡೆ ತಿರುಗಿ, "ನಮ್ಮಮ್ಮನ ತಮ್ಮ ಕಣ್ರಮ್ಮ ಇವರು" ಎಂದು ನಕ್ಕರು.

ಗೋವಿಂದಯ್ಯನವರು ಆ ಹಾಳೆಯ ಕೊನೆಯ ಸಾಲನ್ನು ಓದಲೇ ಇಲ್ಲ. ಪಕ್ಕಕ್ಕೆ ಎಸೆದು ನೇಮಕದ ಕಾಗದಕ್ಕೆ ರುಜು ಹಾಕಿದರು. "ಹುಚ್ಚು ಹೆಂಗಸು. ಈ ಹಾಳೆ ಇಲ್ಲದೆ ಬಂದಿದ್ದರೂ ನಾನು ಕೆಲಸ ಕೊಡುತ್ತಿದ್ದೆ ಕಣಮ್ಮ. ರಾವಂದೂರಿಗೆ ಟ್ರೈನಿಂಗ್ ಆದವಳು ಸಿಗುವುದೇ ಕಷ್ಟ" ಎಂದರು.

ನಾನು ಬೀರಮ್ಮನ ಮುಖ ನೋಡಲಿಲ್ಲ. ನೋಡುವ ಧೈರ್ಯ ನನಗಿರಲಿಲ್ಲ. ನಂಜಯ್ಯನ ಮದುವೆಯಾಗಿ ಆಗ ಮೂರು ವಾರವಾಗಿತ್ತು.

ಗೋವಿಂದಯ್ಯನವರಿಗೆ ಇದಾವುದೂ ಗೊತ್ತಿಲ್ಲ. ನಗು ಇನ್ನೂ ಮುಖದಲ್ಲಿತ್ತು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು: "ಜೂನಿನಲ್ಲಿ ಸ್ಕೂಲು ಶುರು. ನಿಮ್ಮ ಮದುವೆ ಯಾವಾಗಮ್ಮ? ಹೆದರಬೇಡ, ರಜೆ ಬೇಕಾದರೆ ಈಗಲೇ ಬರೆದುಕೊಡುತ್ತೇನೆ."

ಬೀರಮ್ಮ ಎದ್ದು ನಿಂತು ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

"ರಜ ಏನೂ ಬ್ಯಾಡ ಸ್ವಾಮಿ" ಎಂದಳು.